ಸಾಗರದಾಚೆಯ ವಕೀಲರು ಮತ್ತು ಭಾರತದ ಬಾಗಿಲು

ಬ್ರಿಟನ್ನಿನಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಕಡತಗಳಿರುತ್ತವೆ. ಒಂದರಲ್ಲಿ ಇಲ್ಲಿನ ಮನೆಯ ಕಾಗದ, ಬ್ಯಾಂಕಿನ ಸಾಲದ ಪತ್ರ, ಸಾಲಿಸಿಟರ್ ಬರೆದ ಅಚ್ಚುಕಟ್ಟಾದ ಓಲೆಗಳು. ಇನ್ನೊಂದರಲ್ಲಿ ಮೈಸೂರಿನ ನಿವೇಶನದ ಖಾತೆ, ಹಾಸನದ ಜಮೀನಿನ ಪಹಣಿ, ಹಳೆಯ ಛಾಪಾ ಕಾಗದದ ಕ್ರಯಪತ್ರ, ಕಂದಾಯ ಕಟ್ಟಿದ ರಸೀದಿಗಳು. ಮೊದಲನೆಯ ಕಡತವನ್ನು ಸಿದ್ಧಪಡಿಸಿಕೊಟ್ಟ ಸಾಲಿಸಿಟರ್ ಎರಡನೆಯದನ್ನೂ ನೋಡಿಕೊಡಬಹುದೇ? ಜಗತ್ತಿನ ಹತ್ತಾರು ಊರುಗಳಲ್ಲಿ ಕಚೇರಿಯಿರುವ ಲಂಡನ್ನಿನ ದೊಡ್ಡ ವಕೀಲಿ ಸಂಸ್ಥೆಗಳಿಗೆ ಬೆಂಗಳೂರಿನಲ್ಲೇಕೆ ಕಚೇರಿಯಿಲ್ಲ? ಯುಗಾದಿ, ರಾಜ್ಯೋತ್ಸವಗಳ ಊಟದ ಸಾಲಿನಲ್ಲಿ ನಾವೆಲ್ಲ ಒಮ್ಮೆಯಾದರೂ ಕೇಳಿರುವ ಪ್ರಶ್ನೆಗಳಿವು. ಇವುಗಳ ಹಿಂದೆ ನೂರೈವತ್ತು ವರ್ಷಕ್ಕೂ ಮೀರಿದ ಇತಿಹಾಸವಿದೆ. ನಮ್ಮ ಸಂಘದ ವಾರ್ಷಿಕೋತ್ಸವದ ಈ ಸಂಚಿಕೆಯಲ್ಲಿ ಅದನ್ನು ಆದಷ್ಟು ಸರಳವಾಗಿ ಹೇಳಲು ನಾವು ಪ್ರಯತ್ನಿಸಿದ್ದೇವೆ.

ಡೌನಿಂಗ್ ಸ್ಟ್ರೀಟಿಗೆ ಬರುತ್ತಿದ್ದ ಕನ್ನಡ ನಾಡಿನ ವ್ಯಾಜ್ಯಗಳು

ಲಂಡನ್ನಿನ ವಕೀಲರಿಗೂ ಕನ್ನಡ ನಾಡಿನ ಜಮೀನಿಗೂ ನಂಟು ಹೊಸದೇನಲ್ಲ. ಬ್ರಿಟಿಷರ ಆಳ್ವಿಕೆಯಲ್ಲಿ ಭಾರತದ ಹೈಕೋರ್ಟುಗಳ ಮೇಲೆ ಅಂತಿಮ ಮೇಲ್ಮನವಿ ಕೇಳುತ್ತಿದ್ದುದು ಪ್ರಿವಿ ಕೌನ್ಸಿಲಿನ ನ್ಯಾಯ ಸಮಿತಿ. ಅದು ಕೂಡುತ್ತಿದ್ದುದು ಲಂಡನ್ನಿನ ಡೌನಿಂಗ್ ಸ್ಟ್ರೀಟಿನಲ್ಲಿ. ಮಂಗಳೂರು ಮತ್ತು ಬಳ್ಳಾರಿಗಳು ಮದರಾಸು ಪ್ರಾಂತ್ಯಕ್ಕೆ ಸೇರಿದ್ದವು. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರಗಳು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ಆದ್ದರಿಂದ ಅಲ್ಲಿನ ದತ್ತಕದ ತಕರಾರು, ಅಳಿಯಸಂತಾನದ ಪಾಲು, ಇನಾಮು ಜಮೀನಿನ ಹಕ್ಕು ಇವೆಲ್ಲ ಹೈಕೋರ್ಟು ದಾಟಿ ಸಮುದ್ರವನ್ನೂ ದಾಟಬಹುದಾಗಿತ್ತು. ಮೈಸೂರು ಸಂಸ್ಥಾನದ ಮಾತು ಬೇರೆ. ಅಲ್ಲಿ 1884ರಲ್ಲಿ ಸ್ಥಾಪನೆಯಾದ ಚೀಫ್ ಕೋರ್ಟು 1930ರಲ್ಲಿ ಹೈಕೋರ್ಟಾಯಿತು. ಮೈಸೂರಿನ ರೈತನ ವ್ಯಾಜ್ಯ ಸಂಸ್ಥಾನದೊಳಗೇ ಮುಗಿಯುತ್ತಿತ್ತು. ಒಂದೇ ಭಾಷೆಯಾಡುವ ಇಬ್ಬರಲ್ಲಿ ಒಬ್ಬನ ನ್ಯಾಯ ಬೆಂಗಳೂರಿನಲ್ಲಿ, ಇನ್ನೊಬ್ಬನದು ಥೇಮ್ಸ್ ನದಿಯ ದಡದಲ್ಲಿ!

ಹೀಗೆ ಬಂದ ಮೇಲ್ಮನವಿಗಳಿಗಾಗಿ ಲಂಡನ್ನಿನಲ್ಲಿ ಕೆಲವು ಸಾಲಿಸಿಟರ್ ಸಂಸ್ಥೆಗಳು ಮೀಸಲಾಗಿಯೇ ದುಡಿಯುತ್ತಿದ್ದವು. ಆ ಕಾಲದ ಕಾನೂನು ವರದಿಗಳ ಪುಟ ತಿರುಗಿಸಿದರೆ ಟಿ. ಎಲ್. ವಿಲ್ಸನ್ ಅಂಡ್ ಕಂಪನಿಯಂತಹ ಹೆಸರುಗಳು ಮತ್ತೆ ಮತ್ತೆ ಸಿಗುತ್ತವೆ. ಮದರಾಸಿನಿಂದಲೋ ಬೊಂಬಾಯಿಯಿಂದಲೋ ಅಚ್ಚಾದ ದಾಖಲೆಗಳ ಕಟ್ಟು ಹಡಗಿನಲ್ಲಿ ಬರುವುದು, ಸಾಲಿಸಿಟರ್ ಅದನ್ನು ಓದಿ ಬ್ಯಾರಿಸ್ಟರಿಗೆ ಒಪ್ಪಿಸುವುದು, ತೀರ್ಪನ್ನು ತಿರುಗಿ ಕಳುಹಿಸುವುದು ಇದೇ ಕ್ರಮ. ಕಕ್ಷಿದಾರ ತನ್ನ ಲಂಡನ್ ವಕೀಲನ ಮುಖವನ್ನು ಎಂದೂ ನೋಡುತ್ತಿರಲಿಲ್ಲ. ಈ ವ್ಯವಸ್ಥೆ 1949ರ ಅಕ್ಟೋಬರ್ 10ರಂದು ಕೊನೆಗೊಂಡಿತು. ಅಂದಿನಿಂದ ಪ್ರಿವಿ ಕೌನ್ಸಿಲಿಗೆ ಭಾರತದ ಮೇಲ್ಮನವಿ ಸಲ್ಲಿಸುವುದು ನಿಂತಿತು.

ಆಂಗ್ಲ ಹೆಸರಿನ ಭಾರತೀಯ ಸಂಸ್ಥೆಗಳು

ಅತ್ತ ಭಾರತದಲ್ಲಿಯೂ ಆಂಗ್ಲ ಸಾಲಿಸಿಟರುಗಳು ನೆಲೆಯೂರಿದ್ದರು. ಬೊಂಬಾಯಿಯ ಕ್ರಾಫರ್ಡ್ ಬೇಲಿ 1830ರಷ್ಟು ಹಿಂದಿನದು; ಲಿಟ್ಲ್ ಅಂಡ್ ಕಂಪನಿ 1856ರದು. ಕಲ್ಕತ್ತೆಯಲ್ಲಿ ಆರ್ ಡಿಗ್ನಂ, ಮದರಾಸಿನಲ್ಲಿ ಕಿಂಗ್ ಅಂಡ್ ಪಾರ್ಟ್ರಿಜ್ ಇದ್ದವು. ಬ್ಯಾಂಕು, ಹಡಗು, ಚಹಾ ತೋಟ, ಹತ್ತಿ ಗಿರಣಿಗಳ ಕರಾರು ಪತ್ರಗಳೇ ಇವುಗಳ ಮುಖ್ಯ ಕಸುಬು. ಸ್ವಾತಂತ್ರ್ಯ ಬಂದ ಮೇಲೆ ಆಂಗ್ಲ ಪಾಲುದಾರರು ಒಬ್ಬೊಬ್ಬರಾಗಿ ಹಿಂತಿರುಗಿದರು. ಹೆಸರು ಹಾಗೆಯೇ ಉಳಿದು ಒಳಗಿನ ಜನ ಪೂರ್ತಿಯಾಗಿ ಭಾರತೀಯರಾದರು. ಇಂದೂ ಬೊಂಬಾಯಿಯ ಫಲಕಗಳಲ್ಲಿ ಆಂಗ್ಲ ಹೆಸರು ಕಂಡು ವಿದೇಶಿ ಸಂಸ್ಥೆಯೆಂದು ತಿಳಿಯುವವರಿದ್ದಾರೆ. ಹಾಗೇನೂ ಅಲ್ಲ, ಅವು ಈಗ ಅಪ್ಪಟ ಭಾರತೀಯ ಸಂಸ್ಥೆಗಳು.

ಸ್ವತಂತ್ರ ಭಾರತ 1961ರಲ್ಲಿ ವಕೀಲರ ಕಾಯ್ದೆಯನ್ನು ತಂದಿತು. ಬ್ಯಾರಿಸ್ಟರ್, ಪ್ಲೀಡರ್, ಮುಖ್ತಿಯಾರ ಎಂಬ ಹಲವು ಅಂತಸ್ತುಗಳ ಬದಲು 'ಅಡ್ವೊಕೇಟ್' ಎಂಬ ಒಂದೇ ವರ್ಗ ಬರಬೇಕೆಂಬುದು ಅದರ ಆಶಯ. ಕಾಯ್ದೆಯ 24ನೆಯ ಕಲಮಿನ ಪ್ರಕಾರ ಅಡ್ವೊಕೇಟ್ ಆಗುವವರು ಭಾರತದ ಪ್ರಜೆಗಳಾಗಿರಬೇಕು. ಅನ್ಯ ದೇಶದವರಿಗೆ ಅವಕಾಶ ಬೇಕಾದರೆ ಆ ದೇಶವೂ ನಮ್ಮವರಿಗೆ ಅದೇ ಅವಕಾಶ ಕೊಡಬೇಕು. 29ನೆಯ ಕಲಮು ವಕೀಲಿ ವೃತ್ತಿ ನಡೆಸುವ ಹಕ್ಕು ಅಡ್ವೊಕೇಟರಿಗೆ ಮಾತ್ರ ಎಂದಿತು. ಆದರೆ ವಕೀಲಿ ವೃತ್ತಿ ಎಂದರೆ ಏನು? ಕೋರ್ಟಿನಲ್ಲಿ ಕರಿ ಕೋಟು ತೊಟ್ಟು ವಾದಿಸುವುದು ಮಾತ್ರವೇ? ಮೇಜಿನ ಮುಂದೆ ಕುಳಿತು ಕರಾರು ಬರೆಯುವುದು, ಸಲಹೆ ಹೇಳುವುದು ಕೂಡ ಅದರಲ್ಲಿ ಸೇರಿದೆಯೇ? ಕಾಯ್ದೆ ಇದನ್ನು ಬಿಡಿಸಿ ಹೇಳಲಿಲ್ಲ. ಆಗ ಯಾರೂ ಕೇಳಲೂ ಇಲ್ಲ. ಮೂವತ್ತು ವರ್ಷ ಆ ಪ್ರಶ್ನೆ ಮಲಗಿಯೇ ಇತ್ತು.

ಮೂರು ಕಚೇರಿಗಳು ಬಂದ ಬಗೆ

1991ರ ಜುಲೈನಲ್ಲಿ ಭಾರತ ಹೊಸ ಆರ್ಥಿಕ ನೀತಿಯನ್ನು ಕೈಗೊಂಡಿತು. ವಿದೇಶಿ ಬಂಡವಾಳಕ್ಕೆ ಬಾಗಿಲು ತೆರೆಯಿತು. ವಿದ್ಯುತ್ತಿನ ಕ್ಷೇತ್ರದಲ್ಲಿ ಎಂಟು ಯೋಜನೆಗಳನ್ನು ತ್ವರಿತ ಯೋಜನೆಗಳೆಂದು ಆರಿಸಲಾಯಿತು. ಮಹಾರಾಷ್ಟ್ರದ ದಾಭೋಲ್ ಇವುಗಳಲ್ಲಿ ಹೆಚ್ಚು ಸುದ್ದಿ ಮಾಡಿದ್ದು. ಕರ್ನಾಟಕದ ಪಾಲಿಗೆ ಬಂದದ್ದು ಇಂದಿನ ಉಡುಪಿ ಜಿಲ್ಲೆಯ ನಂದಿಕೂರಿನಲ್ಲಿ ಅಮೆರಿಕದ ಕೋಜೆಂಟ್ರಿಕ್ಸ್ ಕಂಪನಿ ಕಟ್ಟಹೊರಟ 1000 ಮೆಗಾವಾಟಿನ ಮಂಗಳೂರು ಯೋಜನೆ.

ಇಂತಹ ಒಂದು ಯೋಜನೆಗೆ ಎಷ್ಟು ಕಾಗದ ಬೇಕೆಂದು ಊಹಿಸುವುದು ಕಷ್ಟ. ವಿದ್ಯುತ್ ಖರೀದಿಯ ಕರಾರು, ಕಲ್ಲಿದ್ದಲು ಪೂರೈಕೆಯ ಕರಾರು, ಕಟ್ಟಡ ಕಟ್ಟುವ ಕರಾರು, ರಾಜ್ಯ ಸರ್ಕಾರದ ಖಾತರಿ, ಅದರ ಬೆನ್ನಿಗೆ ಕೇಂದ್ರ ಸರ್ಕಾರದ ಪ್ರತಿಖಾತರಿ, ವಿಮೆ, ಎಲ್ಲಕ್ಕೂ ಮಿಗಿಲಾಗಿ ಸಾಲದ ಪತ್ರಗಳು. ಸಾಲ ಕೊಡುವ ಬ್ಯಾಂಕುಗಳು ಲಂಡನ್ನಿನವು, ನ್ಯೂಯಾರ್ಕಿನವು. ತಮ್ಮ ಹಣಕ್ಕೆ ಇಂಗ್ಲೆಂಡಿನ ಅಥವಾ ನ್ಯೂಯಾರ್ಕಿನ ಕಾನೂನೇ ಅನ್ವಯಿಸಬೇಕು, ತಕರಾರು ಬಂದರೆ ಪಂಚಾಯಿತಿ ಲಂಡನ್ನಿನಲ್ಲಿ ನಡೆಯಬೇಕು ಎಂಬುದು ಅವುಗಳ ಷರತ್ತು. ಆ ಕಾನೂನು ಬಲ್ಲವರು ಆ ಊರುಗಳ ವಕೀಲರೇ. ಇದೇ ಹೊತ್ತಿಗೆ ಭಾರತದ ಕಂಪನಿಗಳು ಹೊರದೇಶಗಳಲ್ಲಿ ಷೇರು ಮಾರತೊಡಗಿದ್ದವು. 1992ರಲ್ಲಿ ರಿಲಯನ್ಸ್ ಈ ದಾರಿ ತೆರೆಯಿತು. 1999ರ ಮಾರ್ಚಿನಲ್ಲಿ ನಮ್ಮ ಬೆಂಗಳೂರಿನ ಇನ್ಫೋಸಿಸ್ ಅಮೆರಿಕದ ನಾಸ್ಡಾಕ್ ಪಟ್ಟಿಗೆ ಸೇರಿದ ಮೊದಲ ಭಾರತೀಯ ಕಂಪನಿಯಾಯಿತು. ಅಮೆರಿಕದ ಷೇರು ಕಾನೂನು ಅರಿತ ವಕೀಲರ ನೆರವಿಲ್ಲದೆ ಇಂತಹ ಕೆಲಸ ಆಗುವಂತಿರಲಿಲ್ಲ.

ಕೆಲಸ ಹೀಗೆ ಭಾರತದಲ್ಲಿ ಹುಟ್ಟುತ್ತಿರುವಾಗ ಭಾರತದಲ್ಲೇ ಒಂದು ಕಚೇರಿ ಇದ್ದರೆ ಒಳ್ಳೆಯದೆಂದು ಈ ಸಂಸ್ಥೆಗಳಿಗೆ ತೋರಿದ್ದು ಸಹಜ. ಲಂಡನ್ನಿನ ಆಶರ್ಸ್ಟ್ ಮಾರಿಸ್ ಕ್ರಿಸ್ಪ್, ನ್ಯೂಯಾರ್ಕಿನ ವೈಟ್ ಅಂಡ್ ಕೇಸ್, ಅದೇ ಊರಿನ ಚಾಡ್‌ಬೋರ್ನ್ ಅಂಡ್ ಪಾರ್ಕ್ ಎಂಬ ಮೂರು ಸಂಸ್ಥೆಗಳು ಭಾರತದ ರಿಸರ್ವ್ ಬ್ಯಾಂಕಿನ ಅನುಮತಿ ಕೋರಿದವು. ಆಶರ್ಸ್ಟ್ 1822ರಷ್ಟು ಹಳೆಯದು. ಉಳಿದೆರಡು 1901 ಮತ್ತು 1902ರಲ್ಲಿ ಹುಟ್ಟಿದವು. ವಿದೇಶಿ ವಿನಿಮಯ ನಿಯಂತ್ರಣದ 1973ರ ಕಾಯ್ದೆ, ಅಂದರೆ ಎಲ್ಲರೂ 'ಫೆರಾ' ಎಂದು ಕರೆಯುತ್ತಿದ್ದ ಕಾಯ್ದೆಯ ಮೇರೆಗೆ 1990ರ ದಶಕದ ಮೊದಲ ಭಾಗದಲ್ಲಿ ಅನುಮತಿ ಸಿಕ್ಕಿತು. ಆದರೆ ಸಿಕ್ಕಿದ್ದು 'ಲಿಯೇಸನ್ ಕಚೇರಿ'ಗೆ, ಅಂದರೆ ಸಂಪರ್ಕ ಕಚೇರಿಗೆ ಮಾತ್ರ. ಮುಖ್ಯ ಕಚೇರಿಗೂ ಭಾರತದ ಕಂಪನಿಗಳಿಗೂ ನಡುವೆ ಸುದ್ದಿ ಮುಟ್ಟಿಸುವುದಷ್ಟೇ ಅದರ ಕೆಲಸ. ಭಾರತದಲ್ಲಿ ಸಂಪಾದನೆ ಮಾಡುವಂತಿಲ್ಲ; ಬಾಡಿಗೆ, ಸಂಬಳಗಳಿಗೆ ಹಣ ಹೊರದೇಶದಿಂದ ಬರಬೇಕು.

ವಕೀಲರ ಕಚೇರಿಯಲ್ಲಿ 'ಸುದ್ದಿ ಮುಟ್ಟಿಸುವುದು' ಎಲ್ಲಿ ಮುಗಿಯುತ್ತದೆ, 'ಸಲಹೆ' ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆಯುವುದು ಸುಲಭವಲ್ಲ. ಅಂಚೆಯವನು ಪತ್ರ ಕೊಟ್ಟು ಹೋಗುತ್ತಾನೆ. ವಕೀಲನ ಕೈಗೆ ಪತ್ರ ಬಂದರೆ ಅದರ ಅರ್ಥ ಹೇಳದೆ ಇರಲಾರ. ಮುಂದಿನ ವ್ಯಾಜ್ಯಕ್ಕೆಲ್ಲ ಇದೇ ಮೂಲ.

ಹದಿನಾಲ್ಕು ವರ್ಷಗಳ ವ್ಯಾಜ್ಯ

1995ರಲ್ಲಿ ಲಾಯರ್ಸ್ ಕಲೆಕ್ಟಿವ್ ಎಂಬ ಸಂಸ್ಥೆ ಬೊಂಬಾಯಿ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿಯ ಅರ್ಜಿ ಹಾಕಿತು. ಈ ಮೂರು ಸಂಸ್ಥೆಗಳು ನಡೆಸುತ್ತಿರುವುದು ವಕೀಲಿ ವೃತ್ತಿಯೇ, ಅದಕ್ಕೆ ಅನುಮತಿ ಕೊಡಲು ರಿಸರ್ವ್ ಬ್ಯಾಂಕಿಗೆ ಅಧಿಕಾರವಿಲ್ಲ ಎಂಬುದು ಅರ್ಜಿದಾರರ ವಾದ. ನಾವು ಕೋರ್ಟಿಗೆ ಹೋಗುವುದೇ ಇಲ್ಲ, ಕೋರ್ಟಿಗೆ ಸಂಬಂಧಿಸದ ಕೆಲಸಕ್ಕೆ 1961ರ ಕಾಯ್ದೆ ಅನ್ವಯಿಸುವುದಿಲ್ಲ ಎಂಬುದು ಸಂಸ್ಥೆಗಳ ಉತ್ತರ.

ಭಾರತದ ವಕೀಲರ ವಿರೋಧವನ್ನು ಬರಿಯ ಹೊಟ್ಟೆಕಿಚ್ಚೆಂದು ತಳ್ಳಿಹಾಕುವುದು ಸರಿಯಲ್ಲ. ಅವರ ಕೈಕಾಲುಗಳಿಗೆ ಹಲವು ಕಟ್ಟುಗಳಿದ್ದವು. ಭಾರತದ ವಕೀಲ ಜಾಹೀರಾತು ಕೊಡುವಂತಿಲ್ಲ. ಗೆದ್ದರೆ ಇಷ್ಟು ಪಾಲು ಎಂದು ಶುಲ್ಕ ಗೊತ್ತುಮಾಡುವಂತಿಲ್ಲ. 1956ರ ಕಂಪನಿ ಕಾಯ್ದೆಯ ಪ್ರಕಾರ ಆಗ ಒಂದು ಪಾಲುದಾರಿಕೆಯಲ್ಲಿ 20 ಜನರಿಗಿಂತ ಹೆಚ್ಚು ಇರುವಂತಿರಲಿಲ್ಲ. ಎದುರಿಗೆ ನಿಂತವರೋ ನೂರಾರು ಪಾಲುದಾರರು, ಹತ್ತಾರು ದೇಶಗಳಲ್ಲಿ ಕಚೇರಿ, ಬೇಕಾದಷ್ಟು ಬಂಡವಾಳ ಇರುವವರು. ಕಾಲಿಗೆ ಹಗ್ಗ ಕಟ್ಟಿ ಓಟದ ಪಂದ್ಯಕ್ಕೆ ನಿಲ್ಲಿಸಿದಂತೆ ಎಂದು ಅವರು ದೂರಿದರೆ ಆ ಮಾತಿನಲ್ಲಿ ಹುರುಳಿತ್ತು. ಇತ್ತ ಕಡೆಯ ವಾದದಲ್ಲಿಯೂ ಹುರುಳಿತ್ತು. ಭಾರತದ ಕಂಪನಿಗೆ ಇಂಗ್ಲೆಂಡಿನ ಕಾನೂನಿನ ಸಲಹೆ ಬೇಕಾದಾಗ ಅದನ್ನು ಕೊಡಬಲ್ಲವರು ಇಂಗ್ಲೆಂಡಿನ ವಕೀಲರೇ. ಅವರು ಊರಲ್ಲಿಲ್ಲದಿದ್ದರೆ ಕಂಪನಿಯ ಅಧಿಕಾರಿಗಳು ಲಂಡನ್ನಿಗೋ ಸಿಂಗಪುರಕ್ಕೋ ಹೋಗಿ ಅದೇ ಸಲಹೆಯನ್ನು ಹೆಚ್ಚು ದುಡ್ಡು ಕೊಟ್ಟು ತರಬೇಕು.

ವ್ಯಾಜ್ಯ ನಡೆದೇ ನಡೆಯಿತು. ಈ ನಡುವೆ ಫೆರಾ ಕಾಯ್ದೆಯೇ ಹೋಗಿ 2000ದ ಜೂನ್ 1ರಿಂದ 'ಫೆಮಾ' ಬಂತು. ಅತ್ತ ನಂದಿಕೂರಿನ ಯೋಜನೆ ಮೊಕದ್ದಮೆ, ಚಳವಳಿ, ಅನುಮತಿಗಳ ಜಂಜಾಟದಲ್ಲಿ ಸಿಲುಕಿ, 1999ರ ಡಿಸೆಂಬರಿನಲ್ಲಿ ಕೋಜೆಂಟ್ರಿಕ್ಸ್ ಹಿಂದೆ ಸರಿಯಿತು. ದಾಭೋಲ್ ಸ್ಥಾವರ 2001ರಲ್ಲಿ ನಿಂತುಹೋಯಿತು. ಯಾವ ಕೆಲಸಕ್ಕೆಂದು ವಿದೇಶಿ ವಕೀಲರು ಬಂದಿದ್ದರೋ ಅದರ ಬಹುಪಾಲು ಕರಗಿದ ಮೇಲೆ, 2009ರ ಡಿಸೆಂಬರ್ 16ರಂದು ಬೊಂಬಾಯಿ ಹೈಕೋರ್ಟು ತೀರ್ಪಿತ್ತಿತು. ವಕೀಲಿ ವೃತ್ತಿ ಎಂದರೆ ಕೋರ್ಟಿನ ವಾದವೂ ಹೌದು, ಕೋರ್ಟಿನ ಹೊರಗಿನ ಸಲಹೆ ಮತ್ತು ಕರಡು ಬರೆಯುವ ಕೆಲಸವೂ ಹೌದು. ರಿಸರ್ವ್ ಬ್ಯಾಂಕು ಅನುಮತಿ ಕೊಟ್ಟದ್ದು ಸರಿಯಲ್ಲ ಎಂದು ನ್ಯಾಯಾಲಯ ಹೇಳಿತು. ಮಲಗಿದ್ದ ಪ್ರಶ್ನೆಗೆ ಕೊನೆಗೂ ಉತ್ತರ ಸಿಕ್ಕಿತು.

ಮಕ್ಕಳು ಬಂದರು, ಕಚೇರಿ ಹೋಗಲಿಲ್ಲ

ಈ ಕಥೆಗೆ ಇನ್ನೊಂದು ಮುಖವಿದೆ. ಅದು ನಮ್ಮ ಬೆಂಗಳೂರಿಗೆ ಸೇರಿದ್ದು. 1986ರ ಕರ್ನಾಟಕ ಕಾಯ್ದೆಯೊಂದರ ಮೂಲಕ ಬೆಂಗಳೂರಿನಲ್ಲಿ ರಾಷ್ಟ್ರೀಯ ಕಾನೂನು ಶಾಲೆ ಸ್ಥಾಪನೆಯಾಯಿತು. ಎನ್. ಆರ್. ಮಾಧವ ಮೆನನ್ ಅದರ ಮೊದಲ ನಿರ್ದೇಶಕರು. ಪಿ.ಯು.ಸಿ. ಮುಗಿಸಿದ ಮಕ್ಕಳಿಗೆ ಐದು ವರ್ಷದ ಕಾನೂನು ಶಿಕ್ಷಣ ಎಂಬ ಕ್ರಮಕ್ಕೆ ಅದು ಮಾದರಿಯಾಯಿತು. 1988ರಲ್ಲಿ ಮೊದಲ ತಂಡ ಸೇರಿತು. ಮುಂದೆ ನಾಗರಬಾವಿಯಲ್ಲಿ ಸ್ವಂತ ಆವರಣವಾಯಿತು. ಅದುವರೆಗೆ ಬೇರೇನೂ ಸಿಗದವರು ಲಾ ಕಾಲೇಜಿಗೆ ಸೇರುತ್ತಾರೆಂಬ ಮಾತಿತ್ತು. ಆ ಮಾತು ಬದಲಾಗಲು ಹೆಚ್ಚು ವರ್ಷ ಹಿಡಿಯಲಿಲ್ಲ.

ಲಂಡನ್ನಿನ ದೊಡ್ಡ ಸಂಸ್ಥೆಗಳು ಈ ಶಾಲೆಯ ಪದವೀಧರರನ್ನು ಆರಿಸಿ ಇಲ್ಲಿಗೆ ಕರೆತರತೊಡಗಿದವು. ಭಾರತದಲ್ಲಿ ವಕೀಲರಾಗಿದ್ದವರು ಪರೀಕ್ಷೆ ಬರೆದು ಇಲ್ಲಿ ಸಾಲಿಸಿಟರ್ ಆಗಲು ಅವಕಾಶವಿತ್ತು, ಈಗಲೂ ಇದೆ. ಹೀಗೆ ನಾಗರಬಾವಿಯಲ್ಲಿ ಓದಿದ ತರುಣ ತರುಣಿಯರು ಲಂಡನ್ನಿನ ಸಿಟಿಯಲ್ಲಿ ಕುಳಿತು ಭಾರತದ ಕಂಪನಿಗಳ ಸಾಲಪತ್ರಗಳನ್ನು ಬರೆಯುವಂತಾಯಿತು. ದೊಡ್ಡ ಸಂಸ್ಥೆಗಳಲ್ಲಿ 'ಇಂಡಿಯಾ ಡೆಸ್ಕ್' ಎಂಬ ವಿಭಾಗಗಳೇ ಎದ್ದವು. ಬೆಂಗಳೂರಿನ ಹುಡುಗಿ ಲಂಡನ್ನಿನ ಸಂಸ್ಥೆಗೆ ಬರಬಹುದು. ಆ ಸಂಸ್ಥೆ ಬೆಂಗಳೂರಿಗೆ ಹೋಗುವಂತಿಲ್ಲ! ಸಾಮಾನ್ಯವಾಗಿ ಬಂಡವಾಳಕ್ಕೆ ದಾರಿ ಸಲೀಸು, ಮನುಷ್ಯರಿಗೆ ವೀಸಾದ ತಡೆ. ಇಲ್ಲಿ ಮಾತ್ರ ಅದು ತಿರುವುಮುರುವಾಗಿದೆ.

ಕಚೇರಿಯ ಬದಲು ಬೇರೆ ದಾರಿಗಳು ಹುಟ್ಟಿಕೊಂಡವು. ಕೆಲವು ಲಂಡನ್ ಸಂಸ್ಥೆಗಳು ಭಾರತದ ಸಂಸ್ಥೆಗಳೊಂದಿಗೆ ಸ್ನೇಹದ ಒಡಂಬಡಿಕೆ ಮಾಡಿಕೊಂಡವು. ಅವುಗಳಲ್ಲಿ ಹಲವು ಬಹುಕಾಲ ಬಾಳಲಿಲ್ಲ. ಅತ್ತ ಬೆಂಗಳೂರು, ಮುಂಬಯಿಗಳಲ್ಲಿ ವಿದೇಶದ ಮೊಕದ್ದಮೆಗಳ ದಾಖಲೆ ಓದಿ ವಿಂಗಡಿಸುವ ಸೇವಾ ಕಂಪನಿಗಳು ಬೆಳೆದವು. ಅಮೆರಿಕದ ಕೋರ್ಟಿನ ವ್ಯಾಜ್ಯದ ಸಾವಿರಾರು ಪುಟಗಳನ್ನು ಬೆಂಗಳೂರಿನ ಕಾನೂನು ಪದವೀಧರ ರಾತ್ರಿ ಪಾಳಿಯಲ್ಲಿ ಓದುವ ಕಾಲ ಬಂತು.

ಹಾರಿ ಬಂದು ಹಾರಿ ಹೋಗುವವರು

ಎಲ್ಲಕ್ಕಿಂತ ಹೆಚ್ಚು ಬಳಕೆಯಾದ ದಾರಿ ಎಂದರೆ ವಿಮಾನದಲ್ಲಿ ಬಂದು, ಹೋಟೆಲಿನಲ್ಲಿ ಇಳಿದು, ಸಲಹೆ ಹೇಳಿ, ತಿರುಗಿ ವಿಮಾನ ಹತ್ತುವುದು. ಇದಕ್ಕೂ ಆಕ್ಷೇಪಣೆ ಬಂತು. 2010ರಲ್ಲಿ ಎ. ಕೆ. ಬಾಲಾಜಿ ಎಂಬ ವಕೀಲರು 31 ವಿದೇಶಿ ಸಂಸ್ಥೆಗಳನ್ನು ಪ್ರತಿವಾದಿಗಳನ್ನಾಗಿಸಿ ಮದರಾಸು ಹೈಕೋರ್ಟಿಗೆ ಅರ್ಜಿ ಹಾಕಿದರು. ತಮ್ಮ ದೇಶದ ಕಾನೂನಿನ ಬಗ್ಗೆ ಸಲಹೆ ಕೊಡಲು ಹೀಗೆ ಬಂದುಹೋಗುವುದಕ್ಕೆ ತಡೆಯಿಲ್ಲ ಎಂದು ಆ ನ್ಯಾಯಾಲಯ 2012ರ ಫೆಬ್ರವರಿ 21ರಂದು ತೀರ್ಪು ಕೊಟ್ಟಿತು. 2018ರ ಮಾರ್ಚ್ 13ರಂದು ಸರ್ವೋಚ್ಚ ನ್ಯಾಯಾಲಯ ಕಚೇರಿಯ ಬಗ್ಗೆ ಬೊಂಬಾಯಿಯ ನಿಲುವನ್ನು ಎತ್ತಿಹಿಡಿಯಿತು. ಬಂದುಹೋಗುವುದು ಅಪರೂಪದ ಭೇಟಿಯಾಗಿದ್ದರೆ ಸರಿ, ಪದೇ ಪದೇ ನಡೆದರೆ ಅದೂ ವೃತ್ತಿಯೇ ಎಂದಿತು. ಅಂತರರಾಷ್ಟ್ರೀಯ ಪಂಚಾಯಿತಿಗಳಿಗೆ ಬರುವ ವಿದೇಶಿ ವಕೀಲರನ್ನು ಪೂರ್ತಿ ತಡೆಯಲಾಗದು, ಆದರೆ ಅದಕ್ಕೆ ನಿಯಮ ಮಾಡಬಹುದು ಎಂದೂ ಹೇಳಿತು.

ನಿಯಮ ಬಂದದ್ದು 2023ರ ಮಾರ್ಚಿನಲ್ಲಿ. ಮೂರು ದಶಕ ವಿರೋಧಿಸುತ್ತ ಬಂದ ಭಾರತೀಯ ವಕೀಲರ ಪರಿಷತ್ತೇ, ವಿದೇಶಿ ಸಂಸ್ಥೆಗಳು ನೋಂದಾಯಿಸಿಕೊಂಡು ಕಚೇರಿ ತೆರೆಯಬಹುದೆಂಬ ನಿಯಮಗಳನ್ನು ಪ್ರಕಟಿಸಿತು. 2025ರ ಮೇ ತಿಂಗಳಲ್ಲಿ ಅವನ್ನು ತಿದ್ದಿ ಮತ್ತೆ ಹೊರಡಿಸಿತು. ಷರತ್ತುಗಳು ಬಿಗಿಯಾಗಿವೆ. ಆ ವಕೀಲರ ದೇಶ ನಮ್ಮವರಿಗೂ ಅವಕಾಶ ಕೊಟ್ಟಿರಬೇಕು. ಸಲಹೆ ವಿದೇಶಿ ಮತ್ತು ಅಂತರರಾಷ್ಟ್ರೀಯ ಕಾನೂನಿಗೆ ಸೀಮಿತ. ಕೋರ್ಟಿನ ಮೆಟ್ಟಿಲು ಹತ್ತುವಂತಿಲ್ಲ. ನೋಂದಾಯಿಸದೆ ಬಂದುಹೋಗುವವರಿಗೆ ವರ್ಷಕ್ಕೆ 60 ದಿನಗಳ ಮಿತಿ. ಆಸ್ತಿಯ ಕ್ರಯಪತ್ರ ಬರೆಯುವುದು, ಹಕ್ಕುಪತ್ರ ಪರಿಶೀಲಿಸುವುದು ಮೊದಲಾದ ಕೆಲಸಗಳನ್ನು ಅವರು ಮುಟ್ಟುವಂತಿಲ್ಲ. 2025ರ ಜುಲೈ 24ರಂದು ಭಾರತ ಮತ್ತು ಬ್ರಿಟನ್ ಸಹಿ ಹಾಕಿದ ವಾಣಿಜ್ಯ ಒಪ್ಪಂದದಲ್ಲಿಯೂ ವಕೀಲರ ಸೇವೆಗೆ ಬಾಗಿಲು ತೆರೆಯಲಿಲ್ಲ.

ನಮ್ಮ ಎರಡನೆಯ ಕಡತ

ಈಗ ಮೊದಲಿನ ಪ್ರಶ್ನೆಗೆ ಬರೋಣ. ನಾಳೆ ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಲಂಡನ್ ಸಂಸ್ಥೆಯೊಂದರ ಫಲಕ ತೂಗಿದರೂ ನಮ್ಮ ಪಹಣಿಯ ಕಡತ ಆ ಬಾಗಿಲಿನೊಳಗೆ ಹೋಗಲಾರದು. ಬ್ಯಾಂಕು, ಷೇರು, ವಿದ್ಯುತ್ ಸ್ಥಾವರಗಳ ಕರಾರುಗಳಿಗೆ ಆ ಬಾಗಿಲು. ನೆಲದ ಹಕ್ಕಿಗೆ ನೆಲದ ವಕೀಲನೇ ಬೇಕು. ಇದು ಭಾರತದ ಹಟವೊಂದೇ ಅಲ್ಲ. ಇಂಗ್ಲೆಂಡಿನಲ್ಲಿ ಸಾಮಾನ್ಯ ಕಾನೂನು ಸಲಹೆಯನ್ನು ಯಾರು ಬೇಕಾದರೂ ಕೊಡಬಹುದು. ಆದರೆ ಕೋರ್ಟಿನ ವಾದ, ಮೊಕದ್ದಮೆ ನಡೆಸುವುದು, ಮನೆ ಜಮೀನುಗಳ ಕ್ರಯಪತ್ರ, ಉಯಿಲಿನ ಪ್ರೊಬೇಟ್ ಇವುಗಳನ್ನು 2007ರ ಕಾಯ್ದೆ ಅಧಿಕೃತರಾದವರಿಗೆ ಮೀಸಲಿಟ್ಟಿದೆ. ನ್ಯಾಯಾಲಯ ಮತ್ತು ನೆಲ, ಇವೆರಡನ್ನು ಎರಡೂ ದೇಶಗಳು ಕಾವಲಿನಲ್ಲಿಯೇ ಇಟ್ಟುಕೊಂಡಿವೆ.

ಅದಕ್ಕೆ ಕಾರಣವೂ ಇದೆ. ಸ್ಥಿರಾಸ್ತಿ ಎಲ್ಲಿದೆಯೋ ಅಲ್ಲಿಯ ಕಾನೂನೇ ಅದಕ್ಕೆ ಅನ್ವಯ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಂತೆ ಹುಟ್ಟಿನಿಂದಲೇ ಹಕ್ಕು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲಿಯೇ ಜಾರಿಗೆ ತಂದಿತು. ಕೇಂದ್ರದ ತಿದ್ದುಪಡಿ ಬಂದದ್ದು 2005ರಲ್ಲಿ. ಅನಿವಾಸಿಯಾದವರು ಕೃಷಿ ಜಮೀನನ್ನು ಕೊಳ್ಳುವಂತಿಲ್ಲ, ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಇಲ್ಲಿ ಬರೆದ ಅಧಿಕಾರ ಪತ್ರವನ್ನು, ಅಂದರೆ ಪವರ್ ಆಫ್ ಅಟಾರ್ನಿಯನ್ನು, ನೋಟರಿಯ ಮುಂದೆಯೋ ಭಾರತದ ಹೈಕಮಿಷನ್ನಿನಲ್ಲಿಯೋ ದೃಢೀಕರಿಸಿ ಕಳುಹಿಸಿದರಷ್ಟೇ ಸಾಲದು. ಅದು ಕರ್ನಾಟಕ ತಲುಪಿದ ಮೂರು ತಿಂಗಳೊಳಗೆ 1957ರ ರಾಜ್ಯ ಸ್ಟ್ಯಾಂಪ್ ಕಾಯ್ದೆಯಂತೆ ಛಾಪಾ ಶುಲ್ಕ ಕಟ್ಟಬೇಕು. ಇಂತಹ ಸಂಗತಿಗಳನ್ನು ಸಿಟಿಯ ದೊಡ್ಡ ಸಾಲಿಸಿಟರಿಗಿಂತ ತಾಲ್ಲೂಕು ಕೋರ್ಟಿನ ಎದುರು ಬೋರ್ಡು ತೂಗಿಸಿರುವ ನಮ್ಮೂರ ವಕೀಲರು ಚೆನ್ನಾಗಿ ಬಲ್ಲರು.

ಆದ್ದರಿಂದ ನಮ್ಮ ಸಂಘದ ಕುಟುಂಬಗಳಿಗೆ ನಾವು ಹೇಳುವುದಿಷ್ಟೆ. ಎರಡು ಕಡತಗಳಿಗೆ ಇಬ್ಬರು ವಕೀಲರು ಬೇಕು. ಇಲ್ಲಿಯ ಉಯಿಲು ಬರೆಸುವಾಗ ಅಲ್ಲಿಯ ಆಸ್ತಿಯ ವಿಚಾರವನ್ನು ಸಾಲಿಸಿಟರಿಗೆ ತಿಳಿಸಿ. ಅಲ್ಲಿಯ ವಕೀಲರಿಗೆ ಇಲ್ಲಿಯ ಉಯಿಲಿನ ವಿಚಾರ ತಿಳಿಸಿ. ಒಂದು ಉಯಿಲು ಇನ್ನೊಂದನ್ನು ರದ್ದುಮಾಡದಂತೆ ಇಬ್ಬರೂ ನೋಡಿಕೊಳ್ಳಲಿ. ಎಲ್ಲಕ್ಕಿಂತ ಮುಖ್ಯವಾಗಿ, ಎರಡನೆಯ ಕಡತವನ್ನು ಮಕ್ಕಳ ಮುಂದೆ ಬಿಚ್ಚಿಡಿ. ಖಾತೆ ಎಂದರೇನು, ಪಹಣಿ ಎಂದರೇನು, ಸರ್ವೆ ನಂಬರು ಎಲ್ಲಿದೆ ಎಂದು ತೋರಿಸಿ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಲ್ಲಿ ವಕೀಲರಾದವರೂ ಇದ್ದಾರೆ. ಅವರು ಇಂಗ್ಲಿಷ್ ಕರಾರಿನ ಯಾವ ಸಾಲನ್ನಾದರೂ ಬಿಡಿಸಿ ಹೇಳಬಲ್ಲರು. ಅಜ್ಜನ ಕ್ರಯಪತ್ರದಲ್ಲಿ 'ಚಕ್ಕುಬಂದಿ' ಎಂಬ ಮಾತು ಬಂದರೆ ನಿಂತುಬಿಡುತ್ತಾರೆ. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ದಾರಿ, ಉತ್ತರಕ್ಕೆ ಯಾವ ಹಳ್ಳ ಎಂದು ಆ ಪತ್ರ ಹೇಳುತ್ತಿರುವುದು ಕನ್ನಡದಲ್ಲಿ. ಭಾನುವಾರದ ನಮ್ಮ ಕನ್ನಡ ತರಗತಿಗಳಿಗೆ ಮಕ್ಕಳನ್ನು ಏಕೆ ಕಳುಹಿಸಬೇಕೆಂದು ಕೇಳುವವರಿಗೆ ಇದೂ ಒಂದು ಉತ್ತರ.